ಉಮಾರಾ ಮೇಷ್ಟ್ರ ಬಾಗಿಲು

ಬುರ್ಗುಮಾ, ಬೋರ್ನೊ, ನೈಜೀರಿಯಾ
12 ನವೆಂಬರ್ 2022

ಮಗ ಗ್ರೇಮಾ,

ನಿನ್ನ ತಾಯಿ ಯಾಗನಾ ಹೇಳಿ ಬರೆಸುತ್ತಿರುವ ಕಾಗದ ಇದು. ನೀನು ಬದುಕಿದ್ದೀಯೆಂದು ಬಿಳಿ ಕಾರಿನವರು ಬಂದು ಹೇಳಿದಾಗ ನಾನು ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದೆ. ಒನಕೆ ಕೆಳಗಿಡಲಿಲ್ಲ. ಕೈ ನಿಲ್ಲಿಸಿದರೆ ಆ ಮಾತು ಸುಳ್ಳಾಗಿಬಿಡುತ್ತದೇನೋ ಎಂದು ಹೆದರಿಕೆ. ಆಮೇಲೆ ಫೋಟೋ ತೋರಿಸಿದರು. ಗಡ್ಡ ಬಂದಿದೆ, ಕಣ್ಣು ಒಳಗೆ ಹೋಗಿದೆ. ಕಿವಿ ಮಾತ್ರ ಸತ್ತುಹೋದ ನಿಮ್ಮಪ್ಪನದೇ, ಮೊರದಂಥ ಕಿವಿ. ಅದನ್ನು ನೋಡಿ ನಂಬಿದೆ.

ನೀನು ಕಾಡಿನ ಬಂದೂಕಿನವರನ್ನು ಬಿಟ್ಟು ಬಂದು ಸೈನ್ಯಕ್ಕೆ ಶರಣಾದೆಯಂತೆ. ಈಗ ದೂರದ ಸುಧಾರಣಾ ಶಿಬಿರದಲ್ಲಿ ಇಟ್ಟು ಕಸುಬು ಕಲಿಸುತ್ತಿದ್ದಾರಂತೆ. ಅಲ್ಲಿ ಫೋನು ಕೊಡುವುದಿಲ್ಲ. ನಮ್ಮಲ್ಲಿ ಫೋನಿನ ಟವರೇ ಇಲ್ಲ, ಕಾಡಿನವರು ಸುಟ್ಟದ್ದು ಸುಟ್ಟ ಹಾಗೇ ನಿಂತಿದೆ. ಹಾಗಾಗಿ ಕಾಗದ. ಮನೆ ಸಮಾಚಾರ ಬಿಟ್ಟು ಬೇರೇನೂ ಬರೆಯಬಾರದಂತೆ, ದಾರಿಯಲ್ಲಿ ಒಬ್ಬ ಅಧಿಕಾರಿ ಓದಿ ಮುದ್ರೆ ಒತ್ತುತ್ತಾನಂತೆ. ಆ ಅಧಿಕಾರಿಗೂ ನನ್ನ ಸಲಾಂ. ನಿನಗೂ ಒಬ್ಬ ತಾಯಿ ಇರಬೇಕಲ್ಲಪ್ಪ, ಬೇಗ ಓದಿ ಕಳಿಸು.

ಈಗ ಮನೆ ಸಮಾಚಾರ. ನೀನು ಹೋಗಿ ಎಂಟು ವರ್ಷ ದಾಟಿತು. ಅದರಲ್ಲಿ ಆರು ವರ್ಷ ನಾವು ಯೆರ್ವಾ ಪಟ್ಟಣದ ನಿರಾಶ್ರಿತರ ಡೇರೆಗಳಲ್ಲಿದ್ದೆವು. ಸರ್ಕಾರ ಊರ ಸುತ್ತ ಕಂದಕ ತೋಡಿಸಿ, ಸೈನಿಕರನ್ನಿಟ್ಟ ಮೇಲೆ ವಾಪಸು ಬಂದೆವು. ಮನೆಗೆ ಸೂರು ಹೊದಿಸಿದ್ದೇನೆ. ಕಂದಕದಾಚೆ ಎರೆಹೊಲದಲ್ಲಿ ಹಿಂಗಾರಿ ಜೋಳ ನಾಟಿ ಹಾಕಿದ್ದೇವೆ. ಬೆಳಿಗ್ಗೆ ಸೈನಿಕರು ಬಿಟ್ಟರೆ ಹೋಗಬೇಕು, ಸಂಜೆಯ ನಮಾಜಿಗೆ ಮುಂಚೆ ಒಳಗೆ ಬರಬೇಕು. ಕೋಳಿಗಳ ಹಾಗೆ.

ಈ ಕಾಗದ ಬರೆಯುತ್ತಿರುವುದು ಪಕ್ಕದ ಮನೆಯ ಫನ್ನಾ. ಉಮಾರಾ ಮೇಷ್ಟ್ರ ಮಗಳು. ನೀನು ಹೋದಾಗ ಹದಿಮೂರರ ಹುಡುಗಿ. ಕಾಡಿನವರು ಊರಿಗೆ ನುಗ್ಗಿದ ದಿನ ಅವಳನ್ನು ನಮ್ಮ ಕಣಜದೊಳಗೆ ಇಳಿಸಿ ಮೇಲೆ ಚಾಪೆ ಮುಚ್ಚಿದ್ದೆ. ತಾಯಿ ಮೊದಲೇ ಇರಲಿಲ್ಲ. ಅಂದಿನಿಂದ ನನ್ನ ಒಲೆಯ ಮುಂದೆ ಬೆಳೆದಳು. ಈಗ ತಂದೆಯ ಶಾಲೆಯಲ್ಲಿ ಅವಳೇ ಮೇಡಂ. ನಾನು ಒಂದೇ ಸಮನೆ ಹೇಳುತ್ತಿದ್ದರೆ ಗದರುತ್ತಾಳೆ: “ದೊಡ್ಡವ್ವಾ, ಉಸಿರು ಬಿಟ್ಕೊಂಡು ಹೇಳು. ನನ್ನ ಕೈಯೇನು ಮೋಟಾರಾ?” ಇದನ್ನೂ ಬರಿ ಅಂದೆ. ಬರೆದಳು.

ಮೇಷ್ಟ್ರು ಈಗಿಲ್ಲ. ಆ ದಿನ ಕಾಡಿನವರು ಕರೆದುಕೊಂಡು ಹೋದ ಮೇಲೆ ಅವರು ಮತ್ತೆ ಬರಲಿಲ್ಲ.

ಹೊಟ್ಟೆ ತುಂಬ ಊಟ ಹಾಕುತ್ತಾರಾ? ಇಷ್ಟೇ ಬರಿ, ಸಾಕು.

ನಿನ್ನ ತಾಯಿ,
ಯಾಗನಾ

*

ಶಿಬಿರದಿಂದ
20 ಡಿಸೆಂಬರ್ 2022

ಅವ್ವಾ,

ನಿನ್ನ ಪಾದಕ್ಕೆ ಬಗ್ಗಿ ಬರೆಯುತ್ತಿದ್ದೇನೆ. ಊಟ ಹಾಕುತ್ತಾರೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅವರೆಕಾಳು ಅನ್ನ. ನಾನು ಚಪ್ಪಲಿ ಹೊಲಿಯುವುದನ್ನು ಆರಿಸಿಕೊಂಡೆ. ಕ್ಷೌರವನ್ನೂ ಕಲಿಸುತ್ತಾರೆ, ಆದರೆ ಇನ್ನೊಬ್ಬರ ಕತ್ತಿನ ಹತ್ತಿರ ಕತ್ತಿ ಹಿಡಿಯಲು ನನ್ನಿಂದಾಗಲಿಲ್ಲ.

ಒಬ್ಬ ಮುದುಕ ಇಮಾಮರು ಬಂದು ಪಾಠ ಮಾಡುತ್ತಾರೆ. ಕಾಡಿನಲ್ಲಿ ನಮಗೆ ಕುರಾನಿನ ಅರ್ಧ ವಾಕ್ಯ ಹೇಳಿಕೊಟ್ಟಿದ್ದರು. ಇವರು ಉಳಿದರ್ಧ ಓದಿಸುತ್ತಾರೆ. ಅದು ಎಷ್ಟು ಚಿಕ್ಕ ವಾಕ್ಯ ಅವ್ವಾ. ಎಂಟು ವರ್ಷ ನಾನು ಅದನ್ನು ಓದಿ ಮುಗಿಸಿರಲಿಲ್ಲ.

ಮಳೆಗಾಲ ಬರುವುದರೊಳಗೆ ನನ್ನನ್ನು ಬಿಡುತ್ತಾರೆ. ಆದರೆ ಊರು ಒಪ್ಪಿಕೊಳ್ಳಬೇಕಂತೆ. ಊರ ಹಿರಿಯ ಬುಲಾಮಾ ಪಂಚಾಯ್ತಿ ಸೇರಿಸಿ, ನೊಂದ ಮನೆಗಳವರು ಹೆಬ್ಬೆಟ್ಟು ಒತ್ತಿದ ಕಾಗದ ಕಳಿಸಬೇಕಂತೆ. ನೀನು ಯಾರನ್ನೂ ಬೇಡಿಕೊಳ್ಳಬೇಡ. ಕೇಳು, ಅಷ್ಟೇ.

ಕಾಗದ ಬರೆದವರಿಗೆ ಸಲಾಂ ಹೇಳು.

ನಿನ್ನ ಮಗ,
ಗ್ರೇಮಾ

*

ಬುರ್ಗುಮಾ
25 ಜನವರಿ 2023

ಮಗ ಗ್ರೇಮಾ,

ಜೋಳದ ಕೊಯ್ಲು ನಡೆಯುತ್ತಿದೆ. ಉತ್ತರದ ದೂಳುಗಾಳಿ ಎದ್ದು ಎದುರಿಗೆ ಬರುವ ಕತ್ತೆಯೂ ಕಾಣುವುದಿಲ್ಲ. ಅಂಥ ದೂಳಿನಲ್ಲೇ ಮೊನ್ನೆ ಶುಕ್ರವಾರ ನಮಾಜಾದ ಮೇಲೆ ಬೇವಿನ ಮರದ ಕೆಳಗೆ ಪಂಚಾಯ್ತಿ ಸೇರಿತು. ನಡೆದದ್ದನ್ನು ನಡೆದ ಹಾಗೆ ಬರಿ ಎಂದು ಫನ್ನಾಗೆ ಹೇಳಿದ್ದೇನೆ.

ಪಟ್ಟಣದಿಂದ ಒಬ್ಬ ಅಧಿಕಾರಿ ಬಂದಿದ್ದ. ಒಳ್ಳೆಯ ಹುಡುಗ, ಕನ್ನಡಕ ಒರೆಸಿ ಒರೆಸಿ ಮಾತಾಡಿದ. “ಭಯೋತ್ಪಾದನೆ ಬಂದೂಕಿನಿಂದ ಮಾತ್ರ ಮುಗಿಯಲ್ಲ. ಹೊರಗೆ ಬಂದವರಿಗೆ ಊರು ಬಾಗಿಲು ಹಾಕಿದ್ರೆ ಒಳಗಿರೋರು ಯಾವತ್ತೂ ಹೊರಗೆ ಬರಲ್ಲ” ಅಂದ.

ಒಣಮೀನು ಮಾರುವ ಕೆಲ್ಲು ಎದ್ದು ನಿಂತಳು. ಅವಳ ಇಬ್ಬರು ಮಕ್ಕಳನ್ನು ಒಂದೇ ದಿನ ಕಡಿದದ್ದು ನಿನಗೆ ಗೊತ್ತಿಲ್ಲದಿದ್ದರೆ ಈಗ ತಿಳಿದುಕೋ.

“ಯಾಗನಾ ಮಗನಿಗೆ ಚಪ್ಪಲಿ ಹೊಲಿಯೋದು ಕಲಿಸ್ತಿದ್ದಾರಂತೆ. ಬಹಳ ಸಂತೋಷ. ನನ್ನ ಮಕ್ಕಳಿಗೆ ಯಾವ ಶಿಬಿರದಲ್ಲಿ ಏನು ಕಲಿಸ್ತಿದ್ದೀರಿ ಸ್ವಾಮಿ? ಅವರದ್ದೂ ಒಂದು ಫೋಟೋ ತಂದು ತೋರಿಸಿ” ಅಂದಳು.

ಅಧಿಕಾರಿ ಮತ್ತೆ ಕನ್ನಡಕ ತೆಗೆದ.

ಬುಲಾಮಾ ಕೋಲೋ ಎಲ್ಲರ ಮಾತೂ ಕೇಳಿ ಹೇಳಿದರು: “ಬಾಗಿಲು ಹಾಕಿದ್ರೆ ಕಾಡಲ್ಲಿರೋನು ಕಾಡಲ್ಲೇ ಉಳೀತಾನೆ, ನಾಳೆ ಮತ್ತೆ ನಮ್ಮ ಮೇಲೇ ಬರ್ತಾನೆ. ತೆಗೆದ್ರೆ ಕೆಲ್ಲುಗೆ ನಿದ್ದೆ ಬರಲ್ಲ. ಎರಡೂ ನಿಜ. ನಾನು ಮುದುಕ, ಎರಡು ನಿಜಾನ ಒಂದೇ ತಕ್ಕಡೀಲಿ ತೂಗೋಕೆ ನನಗೆ ಬರಲ್ಲ. ಗ್ರೇಮಾನ ಮನೆಗೆ ಗೋಡೆ ಹಂಚಿಕೊಂಡಿರೋಳು ಫನ್ನಾ. ಆ ಹುಡುಗಿ ಏನಂತಾಳೋ ಕೇಳಣ.”

ಇಡೀ ಊರು ಅವಳ ಕಡೆ ತಿರುಗಿತು. ಅವಳು ಅಂದದ್ದು ಇಷ್ಟೇ: “ನಂಗೆ ಸ್ವಲ್ಪ ಸಮಯ ಬೇಕು.”

ಈ ಸಾಲನ್ನು ಅವಳೇ ಬರೆಯುತ್ತಿದ್ದಾಳೆ. ತಲೆ ಎತ್ತುತ್ತಿಲ್ಲ. ಇವತ್ತಿಗೆ ಸಾಕು.

ನಿನ್ನ ತಾಯಿ,
ಯಾಗನಾ

*

ಬುರ್ಗುಮಾ
31 ಜನವರಿ 2023

ಗ್ರೇಮಾ,

ಚಿಕ್ಕಂದಿನಲ್ಲಿ ನಿನ್ನನ್ನು ಅಣ್ಣ ಎನ್ನುತ್ತಿದ್ದೆ. ಈಗ ಬರೆಯಲು ಕೈ ಏಳುವುದಿಲ್ಲ. ಹೆಸರನ್ನೇ ಬರೆದಿದ್ದೇನೆ.

ಈ ಕಾಗದ ದೊಡ್ಡವ್ವನಿಗೆ ಗೊತ್ತಿಲ್ಲ. ನಿನ್ನ ಡಿಸೆಂಬರಿನ ಕಾಗದವನ್ನು ಆಕೆಗೆ ಏಳು ಸಲ ಓದಿ ಹೇಳಿದ್ದೇನೆ. ಮೊದಲ ಸಲ ತೆರೆದಾಗ ಕಾಗದ ಮಡಿಸಿ, ಮತ್ತೆ ತೆರೆದೆ. ನಿನ್ನ ಅಕ್ಷರ ನನ್ನ ಅಪ್ಪನ ಅಕ್ಷರದ ಹಾಗೇ ಇದೆ. ತಪ್ಪೇನಿಲ್ಲ, ಕಲಿಸಿದವರು ಅವರೇ. ಆದರೆ ಎಂಟು ವರ್ಷವಾದ ಮೇಲೆ ಅಪ್ಪನ ಅಕ್ಷರದಲ್ಲಿ ಕಾಗದ ಬಂದದ್ದು ನಿನ್ನಿಂದ.

ನಾನು ಕಣಜದೊಳಗಿದ್ದೆ. ಮಣ್ಣಿನ ಗೋಡೆ ದಪ್ಪ, ಏನೂ ಸರಿಯಾಗಿ ಕೇಳಿಸಲಿಲ್ಲ. ಯಾರೋ ನಮ್ಮ ಬಾಗಿಲು ತಟ್ಟಿದರು. ಒಡೆಯಲಿಲ್ಲ, ತಟ್ಟಿದರು. ನಮ್ಮೆರಡು ಮನೆ ಬಿಟ್ಟು ಊರಿನ ಬೇರೆ ಎಲ್ಲ ಬಾಗಿಲುಗಳನ್ನೂ ಒದ್ದು ಮುರಿದಿದ್ದರು. ನಮ್ಮ ಬಾಗಿಲು ಇಂದಿಗೂ ಸರಿಯಾಗಿದೆ. ಅಪ್ಪ ತಾವೇ ಚಿಲಕ ತೆಗೆದರು. ಡೇರೆಗಳಿಂದ ವಾಪಸು ಬಂದಾಗಿನಿಂದ ಆ ಬಾಗಿಲನ್ನು ನಾನು ದಿನಾ ತೆರೆದು ಹಾಕುತ್ತೇನೆ, ದಿನಾ ಯೋಚಿಸುತ್ತೇನೆ: ಅಪ್ಪ ಯಾರೆಂದು ತಿಳಿದು ತೆಗೆದರು?

ನೀನು ಅವತ್ತು ಅಲ್ಲಿದ್ದೆಯಾ? ಅಪ್ಪ ಎಲ್ಲಿದ್ದಾರೆ?

ನಿನ್ನನ್ನು ಒಪ್ಪಿಕೊಳ್ಳಲು ಇದು ಕರಾರಲ್ಲ. ಹೇಳಿದರೆ ಹೆಬ್ಬೆಟ್ಟು ಒತ್ತುತ್ತೇನೆಂದು ತಿಳಿಯಬೇಡ. ಹೇಳದಿದ್ದರೆ ಮಾತ್ರ ಖಂಡಿತ ಒತ್ತುವುದಿಲ್ಲ.

ಫನ್ನಾ

*

ಶಿಬಿರದಿಂದ
26 ಫೆಬ್ರವರಿ 2023

ಫನ್ನಾ,

ನಿನ್ನ ಕಾಗದ ಕೈಗೆ ಬಂದು ಒಂಬತ್ತು ದಿನವಾಯಿತು. ಇದನ್ನು ಓದುವ ಅಧಿಕಾರಿಗೆ ಇದರಲ್ಲಿ ಹೊಸದೇನೂ ಇಲ್ಲ, ವಿಚಾರಣೆಯಲ್ಲಿ ಎಲ್ಲ ಹೇಳಿದ್ದೇನೆ. ಅವರು ನಾಯಕರ ಹೆಸರು ಕೇಳಿದರು, ದಾರಿಗಳನ್ನು ಕೇಳಿದರು, ಬಂದೂಕು ಎಲ್ಲಿಂದ ಬರುತ್ತಿತ್ತೆಂದು ಕೇಳಿದರು. ಮೇಷ್ಟ್ರು ಎಲ್ಲಿದ್ದಾರೆಂದು ಯಾರೂ ಕೇಳಲಿಲ್ಲ. ಕೇಳಿದವಳು ನೀನೊಬ್ಬಳೇ.

ಹೌದು, ನಾನಿದ್ದೆ.

ಅವತ್ತು ಗುರುವಾರ, ಮಧ್ಯಾಹ್ನದ ನಮಾಜು ಆಗಿತ್ತು. ಸರ್ಕಾರಿ ಶಾಲೆ ಮೇಷ್ಟ್ರ ಮನೆ ಯಾವುದೆಂದು ನಾಯಕ ಬೀದಿಯಲ್ಲಿ ನಿಂತು ಕೇಳಿದ. ಸಿಕ್ಕಿಬಿದ್ದಿದ್ದ ಊರವರು ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ನನ್ನ ತಲೆಗೆ ಯಾರೂ ಬಂದೂಕು ಹಿಡಿದಿರಲಿಲ್ಲ. ನನಗೆ ಹದಿನಾರು ತುಂಬಿತ್ತು, ಕಾಡು ಸೇರಿ ಮೂರು ತಿಂಗಳಾಗಿತ್ತು, ಅವರು ನನ್ನನ್ನು ತಮ್ಮವನೆಂದು ನಂಬಬೇಕೆಂಬ ಆಸೆಯಿತ್ತು. ಅಷ್ಟಕ್ಕೇ ಹೇಳಿದೆ. “ಒಡೀಬೇಡಿ, ನಾನು ಕರೆದ್ರೆ ಅವರೇ ತೆಗೀತಾರೆ” ಎಂದೂ ಹೇಳಿದೆ. ಹೆಮ್ಮೆಯಿಂದ ಹೇಳಿದೆ.

ತಟ್ಟಿದೆ. “ಮೇಷ್ಟ್ರೇ, ನಾನು ಗ್ರೇಮಾ” ಎಂದು ಕೂಗಿದೆ.

ಬಾಗಿಲು ತೆಗೆದರು. ನನ್ನ ಹಿಂದೆ ನಿಂತವರನ್ನು ಮೊದಲು ನೋಡಲೇ ಇಲ್ಲ. ನನ್ನ ಭುಜ ಹಿಡಿದು, “ಬಂದ್ಯೇನೋ! ನಿಮ್ಮವ್ವನಿಗೆ ಹೇಳಿದ್ಯಾ? ಪಾಪ, ಆ ಹೆಂಗಸು ಸರಿಯಾಗಿ ಉಂಡು ಮೂರು ತಿಂಗಳಾಯ್ತು. ಹೋಗು, ಮೊದಲು ಅಲ್ಲಿಗೆ ಹೋಗು” ಅಂದರು.

ಆಮೇಲೆ ಅವರನ್ನು ನೋಡಿದರು. ಮತ್ತೆ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಕ್ಕದ ಮನೆ ಯಾರದೆಂದು ನಾಯಕ ಕೇಳಿದ. ನಮ್ಮದೇ, ಒಳಗೆ ತಾಯಿ ಒಬ್ಬಳೇ ಎಂದೆ. ನುಗ್ಗಲಿಲ್ಲ. ನೀನು ಅಲ್ಲಿದ್ದೆಯೆಂದು ನನಗೆ ತಿಳಿದದ್ದು ಅವ್ವನ ಮೊದಲ ಕಾಗದದಿಂದ. ನಿನ್ನನ್ನು ಉಳಿಸಿದೆ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ಊರಿಗೆ ಪಡುವಣಕ್ಕೆ, ಎರೆಹೊಲ ಮುಗಿದು ಮರಳು ಶುರುವಾಗುವಲ್ಲಿ ಒಂದು ಹಾಳುಬಾವಿ ಇದೆ. ಮೇಷ್ಟ್ರನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ಗುಂಡು ಹಾರಿಸಿದವನು ಬೇರೆಯವನು, ಅವನೂ ಈಗಿಲ್ಲ. ಒಂದೇ ಗುಂಡು. ಬಿಟ್ಟು ನಡೆಯಿರಿ ಅಂದರು. ನಾನು ಗುದ್ದಲಿ ಕೇಳಿ ಹಿಂದೆ ಉಳಿದೆ. ಬಾವಿಯಿಂದ ಮೂಡಣಕ್ಕೆ ಹದಿನೇಳು ಹೆಜ್ಜೆ. ಬಲ ಮಗ್ಗುಲಿಗೆ ಮಲಗಿಸಿ ಮುಖವನ್ನು ಮೆಕ್ಕಾದ ಕಡೆ ತಿರುಗಿಸಿದೆ. ಪ್ರಾರ್ಥನೆಯ ಮಾತು ಬಾಯಿಗೆ ಬರಲಿಲ್ಲ. ನರಿ ಅಗೆಯದಿರಲೆಂದು ಮೇಲೆ ಕಲ್ಲು ಹೇರಿದೆ.

ಅವ್ವನಿಗೆ ಇದನ್ನು ಓದಿ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಅದು ನಾನು ಕೇಳುವಂಥದಲ್ಲ.

ಗ್ರೇಮಾ

*

ಬುರ್ಗುಮಾ
28 ಮಾರ್ಚ್ 2023

ಗ್ರೇಮಾ,

ಅಪ್ಪ ಸಿಕ್ಕರು.

ನಿನ್ನ ಕಾಗದ ಬಂದ ದಿನ ದೊಡ್ಡವ್ವ ಎದುರಿಗೆ ಕೂತು, “ಏನು ಬರೆದಿದ್ದಾನೆ?” ಅಂದಳು. “ಚೆನ್ನಾಗಿದ್ದಾನಂತೆ, ಕೆಂಪು ಚರ್ಮದ ಚಪ್ಪಲಿ ಹೊಲಿದನಂತೆ” ಎಂದು ಕಾಗದ ನೋಡಿಕೊಂಡೇ ಓದಿದೆ. ಇಲ್ಲದ್ದನ್ನು ಓದುವುದು ಎಷ್ಟು ಸುಲಭ! ಅವಳು ಸುಮ್ಮನೆ ಕೇಳಿಸಿಕೊಂಡಳು. ಇನ್ನೊಮ್ಮೆ ಓದು ಎನ್ನಲಿಲ್ಲ. ಯಾವಾಗಲೂ ಅನ್ನುವವಳು.

ಬುಲಾಮಾಗೆ ಮಾತ್ರ ನಿಜ ಹೇಳಿದೆ. ಅವರು ಸೈನಿಕರ ಹತ್ತಿರ ಹೋಗಿ ಕೂತು, ನಾಲ್ಕು ದಿನ ಅಲೆದು, ಆ ಕಡೆ ಹೂತ ಬಾಂಬುಗಳಿಲ್ಲವೆಂದು ನೋಡಿಸಿ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋದರು. ಹದಿನೇಳು ಹೆಜ್ಜೆಯಲ್ಲಿ ಸಿಗಲಿಲ್ಲ. ನಾನು ಹಿಂದಕ್ಕೆ ಹೋಗಿ ಬಾವಿಯಿಂದ ಮತ್ತೆ ಎಣಿಸತೊಡಗಿದೆ. “ತಾಳು ಮಗಳೇ, ಹದಿನಾರರ ಹುಡುಗನ ಹೆಜ್ಜೆ, ಅದೂ ಹೆದರಿದೋನ ಹೆಜ್ಜೆ, ಚಿಕ್ಕದಿರ್ತದೆ” ಅಂದರು ಬುಲಾಮಾ. ಹದಿಮೂರನೆಯ ಹೆಜ್ಜೆಯಲ್ಲಿ ಮರಳಿನಡಿ ಕಲ್ಲುಗಳು ಸಿಕ್ಕವು.

ಅಪ್ಪ ಯೌವನದಲ್ಲಿ ಕುದುರೆಯಿಂದ ಬಿದ್ದು ಎಡಗಾಲ ಮೂಳೆ ಸೊಟ್ಟಗೆ ಕೂಡಿತ್ತು, ನಿನಗೆ ನೆನಪಿರಬಹುದು, ನೀವೆಲ್ಲ ಹುಡುಗರು ಅವರ ನಡಿಗೆಯನ್ನು ಅಣಕಿಸುತ್ತಿದ್ದಿರಿ. ಆ ಮೂಳೆ ನೋಡಿ ಗುರುತು ಹಿಡಿದೆ. ಬಿಳಿ ಬಟ್ಟೆ ನಾನೇ ಒಯ್ದಿದ್ದೆ. ಎಷ್ಟು ಹಗುರ ಇದ್ದರು ಗೊತ್ತಾ. ಊರ ಸ್ಮಶಾನದಲ್ಲಿ ಇಮಾಮರು ಪ್ರಾರ್ಥನೆ ಮಾಡಿ ಮಣ್ಣು ಮಾಡಿಸಿದರು. ಅಪ್ಪನ ಹಳೆಯ ವಿದ್ಯಾರ್ಥಿಗಳು, ಊರಲ್ಲಿ ಉಳಿದವರು ಹನ್ನೊಂದು ಜನ, ಹೆಗಲು ಕೊಟ್ಟರು.

ಮೂರನೆಯ ದಿನ ಊರಿಗೆ ಊಟ. ಹಿತ್ತಿಲಲ್ಲಿ ದೊಡ್ಡವ್ವ ದೊಡ್ಡ ಹಂಡೆಯಲ್ಲಿ ಹಿಟ್ಟು ತಿರುವುತ್ತಿದ್ದಳು, ನಾನು ಸೌದೆ ಒಟ್ಟುತ್ತಿದ್ದೆ. ಕೈ ನಿಲ್ಲಿಸದೆ ಕೇಳಿದಳು: “ಜಾಗ ಯಾರು ಹೇಳಿದ್ದು?”

“ಬುಲಾಮಾಗೆ ಯಾರೋ ಹೇಳಿದ್ರಂತೆ.”

“ಫನ್ನಾ, ಸುಳ್ಳು ಓದೋಕೆ ಬರುತ್ತೆ ನಿಂಗೆ. ಹೇಳೋಕೆ ಬರಲ್ಲ. ತಗೊಂಡು ಬಾ, ಸರಿಯಾಗಿ ಓದು.”

ತಂದೆ. ಓದಿದೆ. ಒಂದಕ್ಷರ ಬಿಡಲಿಲ್ಲ. ಹಿಟ್ಟು ತಳ ಹಿಡಿದು ವಾಸನೆ ಬಂತು, ಇಬ್ಬರಿಗೂ ಇಳಿಸುವ ಗ್ಯಾನವಿರಲಿಲ್ಲ. ಮುಗಿದ ಮೇಲೆ ಹೇಳಿದಳು:

“ಆ ದನಿ ನಾನು ಕೇಳಿದ್ದೆ ಕಣೆ.”

ನನಗೆ ಅರ್ಥವಾಗಲಿಲ್ಲ.

“ಗೋಡೆ ಆಚೆಯಿಂದ ಕೇಳಿಸ್ತು. ಮೇಷ್ಟ್ರೇ, ನಾನು ಗ್ರೇಮಾ ಅಂತ. ಹೆತ್ತೋಳು ಗುರುತು ಹಿಡಿಯಲ್ವಾ? ಎಂಟು ವರ್ಷ ನನ್ನ ಕಿವಿಗೇ ಹೇಳ್ದೆ, ನೀನು ಕೇಳಿದ್ದು ಸುಳ್ಳು, ಆ ದಿನ ಎಲ್ಲರೂ ಕೂಗ್ತಿದ್ರು ಅಂತ. ನಿನ್ನ ತಲೆ ಬಾಚೋವಾಗೆಲ್ಲ ಹೇಳ್ಬೇಕು ಅನ್ಕೊಂಡೆ. ಹೇಳಿದ್ರೆ ನೀನು ಎದ್ದು ಹೋಗ್ತೀಯ ಅಂತ ಹೇಳ್ಲಿಲ್ಲ.”

ಎದ್ದು ಹೋದೆ. ಹಂಡೆ, ಊಟ, ಬಂದ ಜನ, ಎಲ್ಲ ಬಿಟ್ಟು ಶಾಲೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆರು ದಿನ ಅಲ್ಲೇ ಇದ್ದೆ. ನಿನ್ನ ಮೇಲಿನ ಸಿಟ್ಟು ಒಂದು ಬಗೆ, ಅದಕ್ಕೆ ನಾನು ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಡೇರೆಗಳಲ್ಲಿ ತನ್ನ ಪಾಲಿನ ಗಂಜಿ ನನಗೆ ಬಡಿಸಿ “ನಂಗೆ ಹಸಿವಿಲ್ಲ” ಅನ್ನುತ್ತಿದ್ದಳು. ಅದು ಪ್ರೀತಿಯೋ ಪ್ರಾಯಶ್ಚಿತ್ತವೋ? ಯಾರನ್ನು ಕೇಳಲಿ? ಎರಡೂ ಇರಬಹುದು, ಒಂದೇ ಬಟ್ಟಲಲ್ಲಿ. ಉಂಡದ್ದು ಮಾತ್ರ ನಾನು.

ಏಳನೆಯ ದಿನ ಬುಲಾಮಾ ಬಂದು ಮೆಟ್ಟಿಲ ಮೇಲೆ ಕೂತರು. “ಅಧಿಕಾರಿ ಕಾಗದ ಕೇಳ್ತಾನೆ ಮಗಳೇ. ಏನಂತ ಬರೀಲಿ?”

“ಅವನನ್ನ ಜೈಲಿಗೆ ಹಾಕಿ ಅನ್ನಲ್ಲ, ಮತ್ತೆ ಕಾಡಿಗೆ ಹೋಗ್ಲಿ ಅಂತಾನೂ ಅನ್ನಲ್ಲ. ಎಲ್ಲಾದ್ರೂ ಬದುಕ್ಲಿ. ಆದರೆ ಆ ದನಿ ನಮ್ಮ ಗೋಡೆ ಪಕ್ಕ ಬೇಡ” ಅಂದೆ.

ನಿನಗೆ ತಿಳಿದಿರಲೆಂದು ಬರೆದೆ. ಉಪವಾಸದ ತಿಂಗಳು ಶುರುವಾಗಿದೆ. ನೀನು ಕಲ್ಲು ಹೇರಿದ್ದರಿಂದ ಅಪ್ಪ ಇಡಿಯಾಗಿ ಸಿಕ್ಕರು. ಅದನ್ನೂ ತಿಳಿಸದೆ ಇರಲಾರೆ.

ಫನ್ನಾ

*

ಬುರ್ಗುಮಾ
24 ಏಪ್ರಿಲ್ 2023

ಮಗನೇ,

ಈ ಕಾಗದ ಇಮಾಮರು ಬರೆದುಕೊಡುತ್ತಿದ್ದಾರೆ. ಫನ್ನಾ ಬರೆಯುತ್ತೇನೆ ಅಂದಳು, ನಾನೇ ಬೇಡ ಅಂದೆ. ಕೆಲವು ಮಾತು ಅವಳ ಕೈಯಲ್ಲಿ ಬರೆಸಬಾರದು.

ಹಬ್ಬ ಆಯಿತು. ಫನ್ನಾ ಮನೆಗೆ ಬಂದಿದ್ದಾಳೆ. ನಾನು ಮಾಡಿದ್ದನ್ನು ಉಣ್ಣುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. “ಉಪ್ಪು ಸಾಕಾ?” ಅಂದರೆ “ಸಾಕು” ಅನ್ನುತ್ತಾಳೆ. ಮೊದಲಾಗಿದ್ದರೆ “ದೊಡ್ಡವ್ವಾ, ಮೂಟೇನೇ ಸುರಿದಿದ್ದೀಯ” ಎಂದು ಕೂಗಾಡುತ್ತಿದ್ದಳು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳು. ಮೇಷ್ಟ್ರು ನಿನಗೆ ಮೊದಲ ಹಲಗೆ ಬಳಪ ಕೊಟ್ಟವರು. ನಿಮ್ಮಪ್ಪ ಸತ್ತಾಗ ನಿನ್ನ ತಲೆ ಮೇಲೆ ಕೈ ಇಟ್ಟವರು. ನಿನ್ನನ್ನು ಎದುರಿಗೆ ನಿಲ್ಲಿಸಿ ಕೆನ್ನೆಗೆ ಎರಡು ಬಾರಿಸಬೇಕು, ಆಮೇಲೆ ಊಟಕ್ಕಿಡಬೇಕು. ತಾಯಿಯ ಕೈಗೆ ಎರಡೂ ಕೆಲಸ ಬರುತ್ತವೆ.

ಈ ಊರಿಗೆ ನೀನು ಬರಬೇಡ. ಬುಲಾಮಾ ಬೇಡ ಅಂದಿಲ್ಲ, ಫನ್ನಾ ಬೇಡ ಅಂದಳೆಂದೂ ಅಲ್ಲ. ನಾನು ಹೇಳುತ್ತಿದ್ದೇನೆ. ಒಂದು ಗೋಡೆಯ ಈ ಕಡೆ ನೀನು, ಆ ಕಡೆ ಅವಳು, ನಡುವೆ ನಾನು ರೊಟ್ಟಿ ಹಂಚಿಕೊಂಡು ಓಡಾಡಲಾರೆ. ಹಾಗೆಂದು ನಿನ್ನನ್ನು ಒಂಟಿ ಬಿಟ್ಟರೆ ಕಾಡಿನವರಿಗೆ ಒಂಟಿ ಹುಡುಗರೆಂದರೆ ಬಲು ಇಷ್ಟ. ಒಂದು ಸಲ ಬಿಟ್ಟು ನೋಡಿದ್ದೇನೆ.

ನಾನೇ ಯೆರ್ವಾಗೆ ಬರುತ್ತೇನೆ, ನಾನು ಜೊತೆಗಿದ್ದರೆ ಊರಿನ ಕಾಗದವಿಲ್ಲದೆಯೂ ನಿನ್ನನ್ನು ಅಲ್ಲಿ ಬಿಡುತ್ತಾರಂತೆ. ಮೀನಿನ ಲಾರಿಗಳು ಸೈನ್ಯದ ಕಾವಲಿನಲ್ಲಿ ಹೊರಡುವ ದಿನ ಹತ್ತಿಸಿ ಕಳಿಸುತ್ತೇನೆಂದು ಬುಲಾಮಾ ಹೇಳಿದ್ದಾರೆ. ನಿನ್ನನ್ನು ಬಿಡುವ ಹೊತ್ತಿಗೆ ಅಲ್ಲಿ ಒಂದು ಕೋಣೆ ನೋಡಿಕೊಂಡು ಇರುತ್ತೇನೆ. ಮನೆಯನ್ನು ಕೆಲ್ಲುವಿನ ಅಕ್ಕನ ಮಗಳಿಗೆ ಬಿಟ್ಟಿದ್ದೇನೆ, ಫನ್ನಾಗೆ ಪಕ್ಕದಲ್ಲಿ ಜನ ಬೇಕು.

ನಾನು ಹೋಗುತ್ತೇನೆ ಅಂದಾಗ ಅವಳು ತಡೆಯಲಿಲ್ಲ. ನನ್ನ ಸೆರಗಿನ ಹರಿದ ಅಂಚನ್ನು ಕೂತು ಹೊಲಿದುಕೊಟ್ಟಳು. ಹೊಲಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟೇನೂ ಹರಿದಿರಲಿಲ್ಲ.

ನಿನ್ನ ತಾಯಿ,
ಯಾಗನಾ

*

ಯೆರ್ವಾ
16 ಆಗಸ್ಟ್ 2023

ಮಗಳು ಫನ್ನಾ,

ಅಕ್ಷರ ನೋಡಿ ಕಾಗದ ಎಸೆಯಬೇಡ. ಬರೆಯುವವರನ್ನು ಇಲ್ಲಿ ಇನ್ನೆಲ್ಲಿ ಹುಡುಕಲಿ? ಗ್ರೇಮಾನಿಗೆ ಹೇಳಿದ್ದೇನೆ, ನಾನು ಹೇಳಿದ್ದನ್ನಷ್ಟೇ ಬರಿ, ನಿನ್ನದೇನೂ ಸೇರಿಸಬೇಡ ಎಂದು.

ಜೂನ್ ಕೊನೆಗೆ ಅವನನ್ನು ಬಿಟ್ಟರು. ಕುರಾನಿನ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸಿದರಂತೆ. ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಾನೆ. ಎಲ್ಲಿಂದ ಬಂದೆ ಎಂದು ಯಾರಾದರೂ ಕೇಳಿದರೆ ತಲೆ ಬಗ್ಗಿಸುತ್ತಾನೆ, ಗೊತ್ತಾದವರು ಚಪ್ಪಲಿ ಹಿಂದಕ್ಕೆ ಕಿತ್ತುಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬ ಮುಖಕ್ಕೆ ಉಗುಳಿದನಂತೆ, ಪಕ್ಕದ ಮನೆಯವರು ನೋಡಿ ಹೇಳಿದರು. ಬಂದು ತೊಳೆದುಕೊಂಡ, ನನಗೆ ಹೇಳಲಿಲ್ಲ.

ನಾನು ಟೋಪಿಗೆ ಕಸೂತಿ ಹಾಕುತ್ತೇನೆ. ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲು ದಿನಾ ನಿನ್ನ ಹೆಸರು ಕೂಗಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮಳೆ ಹೇಗಿದೆ? ಶಾಲೆಯ ಸೂರು ಸೋರುತ್ತಿದೆಯಾ? ಒಂದು ಸಾಲು ಬರಿ. ಬರೆಯದಿದ್ದರೂ ಪರವಾಗಿಲ್ಲ.

ನಿನ್ನ ದೊಡ್ಡವ್ವ

*

ಬುರ್ಗುಮಾ
30 ನವೆಂಬರ್ 2023

ಗ್ರೇಮಾ,

ಶಿಕ್ಷಕರ ತರಬೇತಿಗೆಂದು ಮೊನ್ನೆ ಯೆರ್ವಾಗೆ ಬಂದಿದ್ದೆ. ಒಂದು ವಾರ ಮೊದಲೇ ಲಾರಿಯವರ ಹತ್ತಿರ ದೊಡ್ಡವ್ವನಿಗೆ ಹೇಳಿ ಕಳಿಸಿದ್ದೆ. ಶುಕ್ರವಾರ ಬೆಳಿಗ್ಗೆ ನಿಮ್ಮ ಕೋಣೆ ಹುಡುಕಿಕೊಂಡು ಬಂದೆ. ನೀನು ಇರಲಿಲ್ಲ.

“ಅವನಿಗೇನೋ ಕೆಲಸ ಇದೆಯಂತೆ” ಅಂದಳು ದೊಡ್ಡವ್ವ. ಶುಕ್ರವಾರ ಚಪ್ಪಲಿ ಹೊಲಿಯುವವರು ಯಾರೂ ಕೂರುವುದಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಕೋಣೆ ಗುಡಿಸಿತ್ತು. ಗಡಿಗೆಗಳೆಲ್ಲ ತುಂಬಿದ್ದವು. ಒಂದೇ ಒಂದು ಗಂಡಸಿನ ಅಂಗಿಯೂ ಗೂಟದ ಮೇಲೆ ಕಾಣಲಿಲ್ಲ. ಅಲ್ಲಿ ನೀನಿದ್ದೀಯೆಂಬ ಗುರುತೇ ಇರದ ಹಾಗೆ ತೆಗೆದಿಟ್ಟು ಹೋಗಿದ್ದೆ.

ದೊಡ್ಡವ್ವ ಬಡವಾಗಿದ್ದಾಳೆ. ಅವಳ ತಲೆ ನಾನೇ ಬಾಚಿದೆ. ಹದಿನಾಲ್ಕು ಸೂಜಿಗೆ ದಾರ ಪೋಣಿಸಿ ಗೋಡೆಯ ಬಟ್ಟೆಗೆ ಸಿಕ್ಕಿಸಿ ಬಂದಿದ್ದೇನೆ, ಒಂದೆರಡು ವಾರ ಬರಬಹುದು. ಮೀನುಸಾರು ಮಾಡಿದ್ದಳು. ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ. ಅಷ್ಟಕ್ಕೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಅಪ್ಪ ಸಿಕ್ಕ ದಿನ ಬಾರದ ಅಳು ಅದು.

ಮನೆಗೆ ಬಾ ಎಂದು ಕರೆಯಬೇಕೆಂದೇ ಹೋಗಿದ್ದೆ. ಅವನನ್ನು ಬಿಟ್ಟು ಬಾ ಎಂದು ಒಬ್ಬ ತಾಯಿಗೆ ಹೇಗೆ ಹೇಳಲಿ? ಅವನನ್ನೂ ಕರೆದುಕೊಂಡು ಬಾ ಎನ್ನಲು ಇನ್ನೂ ನನ್ನಿಂದಾಗುವುದಿಲ್ಲ. ಮುಂದೆ ಆಗುತ್ತದೋ ಗೊತ್ತಿಲ್ಲ, ಸುಳ್ಳು ಭರವಸೆ ಕೊಡಲಾರೆ. ಬಾಯಿಗೆ ಬಂದದ್ದನ್ನು ನುಂಗಿ ಇನ್ನೊಂದು ಬಟ್ಟಲು ಸಾರು ಹಾಕಿಸಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಹೊರಟೆ. ನಿಮ್ಮ ಬೀದಿ ಮುಗಿಯುವಲ್ಲಿ ಒಡೆದ ಕಾಂಪೌಂಡ್ ಗೋಡೆಯಿದೆಯಲ್ಲ, ಅದರ ಬುಡದಲ್ಲಿ ಒಬ್ಬ ಗಂಡಸು ಮಂಡಿಗೆ ತಲೆ ಕೊಟ್ಟು ಕೂತಿದ್ದ. ತಲೆಗೆ ಬಟ್ಟೆ ಸುತ್ತಿತ್ತು, ಮುಖ ಕಾಣಲಿಲ್ಲ. ಬೆಳಿಗ್ಗೆ ನಾನು ಬರುವಾಗಲೂ ಅಲ್ಲೇ, ಹಾಗೇ ಕೂತಿದ್ದ. ಅಲ್ಲಿ ಒಂದು ಮರವಿಲ್ಲ, ಸೂರಿಲ್ಲ. ಆ ಬಟ್ಟೆಯ ಅಡಿಯಿಂದ ಎರಡು ಕಿವಿಗಳು ಆಚೆ ಚಾಚಿದ್ದವು.

ನಾನು ನಿಲ್ಲಲಿಲ್ಲ. ನಿಲ್ಲಲು ನನ್ನಿಂದಾಗಲಿಲ್ಲ.

ಊರಿಗೆ ಬಂದು ಮೂರು ದಿನವಾಯಿತು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವಾಗ, ನೀರು ಸೇದುವಾಗ, ಅದೊಂದೇ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಈ ಕಾಗದ. ಬೇರೆ ಯಾವ ಮಾತೂ ಇದರಲ್ಲಿಲ್ಲ, ಹುಡುಕಬೇಡ.

ಬೇಸಿಗೆ ರಜೆಗೆ ದೊಡ್ಡವ್ವನನ್ನು ನೋಡಲು ಮತ್ತೆ ಬರುತ್ತೇನೆ. ಆಗಲೂ ನೀನು ಮನೆಯಲ್ಲಿರಬೇಡ.

ಆದರೆ ಎಲ್ಲಾದರೂ ನೆರಳಿರುವ ಕಡೆ ಕೂತಿರು.

ಉಮಾರಾ ಮೇಷ್ಟ್ರ ಮಗಳು,
ಫನ್ನಾ